ಬೆರಳಿಗೆ ಚುಚ್ಚದ ಎಳೆ

ಮೊನ್ನೆ ನಮ್ಮ ಕಟ್ಟಡದ ತಾರಸಿಯ ಮೇಲೆ ಸಿಡಿಲಿಗೆಂದು ಹೊಸ ಕಂಬಿ ನಿಲ್ಲಿಸುತ್ತಿದ್ದರು. ಕೆಲಸದವರು ಊಟಕ್ಕೆ ಇಳಿದಿದ್ದ ಹೊತ್ತಿನಲ್ಲಿ ನಾನು ಒಣಗಿದ ಬಟ್ಟೆ ತರಲು ಮೇಲೆ ಹೋದೆ. ನೀರಿನ ಟ್ಯಾಂಕಿನ ಪಕ್ಕ ತಾಮ್ರದ ಪಟ್ಟಿಯ ಸುರುಳಿ ಬಿದ್ದಿತ್ತು. ಕೂದಲಿನಂಥ ತಂತಿಗಳನ್ನು ಹೆಣೆದು ಮಾಡಿದ ಚಪ್ಪಟೆ ಪಟ್ಟಿ. ಕೈ ಸುಮ್ಮನಿರಲಿಲ್ಲ, ತೋರುಬೆರಳನ್ನು ಅದರ ಉದ್ದಕ್ಕೂ ಎಳೆದೆ. ಎಲ್ಲೋ ಒಂದು ಎಳೆ ಕಡಿದಿತ್ತು, ಚುಚ್ಚಿತು. ಎಂಬತ್ತು ದಾಟಿದ ಮುದುಕ ಬಿಸಿಲಲ್ಲಿ ಬೆರಳು ಚೀಪುತ್ತಾ ನಿಂತಿದ್ದನ್ನು ಯಾರಾದರೂ ನೋಡಿದ್ದರೆ ನಗುತ್ತಿದ್ದರು. ನನಗೆ ಮಾತ್ರ ಒಂಥರಾ ಸಮಾಧಾನವಾಯಿತು. ಚುಚ್ಚಿದ್ದು ಗೊತ್ತಾಯಿತಲ್ಲ... ಪಕ್ಕದ ಮನೆಯ ಅಣ್ಣನಿಗೆ ಗೊತ್ತಾಗಿರಲಿಲ್ಲ.

ಐವತ್ತರ ದಶಕದ ಮಾತು. ರಾಜಾಜಿನಗರದ ಹೆಸರಿನಲ್ಲಿ ಮಾತ್ರ ನಗರವಿತ್ತು. ಕೆಲಸಗಾರರಿಗೆಂದು ಕಟ್ಟಿದ ಚಿಕ್ಕ ಚಿಕ್ಕ ಮನೆಗಳು, ನಡುವೆ ಕೆಂಪು ಧೂಳಿನ ದಾರಿಗಳು, ಆಚೆಗೆ ರಾಗಿ ಹೊಲ. ನಾನು ಹೊಸದಾಗಿ ಮದುವೆಯಾಗಿ ಅಲ್ಲಿ ಸಂಸಾರ ಹೂಡಿದ್ದೆ. ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಅವರು ಅತ್ತಿಗುಪ್ಪೆಯ ಒಕ್ಕಲು ಮನೆತನದವರು, ಅವರ ಹೆಂಡತಿಯನ್ನು ಕೆಂಗೇರಿಯಿಂದ ತಂದಿದ್ದರು. ವಯಸ್ಸಿನಲ್ಲಿ ನನಗಿಂತ ಹಿರಿಯರು, ಹಾಗಾಗಿ ಬಂದ ವಾರದಲ್ಲೇ ಅಣ್ಣ, ಅತ್ತಿಗೆ ಎನ್ನುವುದು ಬಾಯಿಗೆ ಬಂದುಬಿಟ್ಟಿತು. ಅವರಿಗೆ ಆಗಷ್ಟೇ ಓಡಾಡಲು ಕಲಿತ ಒಬ್ಬಳು ಮಗಳಿದ್ದಳು. ಅಣ್ಣನ ಸೈಕಲ್ಲಿನ ಗಂಟೆ ಬೀದಿ ತಿರುವಿನಲ್ಲಿ ಕೇಳಿದರೆ ಸಾಕು, ಆ ಮಗು ಅರ್ಧ ಊಟದಿಂದ ಎದ್ದು ಬರುತ್ತಿತ್ತು.

ಊರಿನ ಆ ತುದಿಯಲ್ಲಿದ್ದ ವಿಮಾನದ ಕಾರ್ಖಾನೆಯಲ್ಲಿ ನಮ್ಮಿಬ್ಬರಿಗೂ ಕೆಲಸ. ಮುಖ್ಯ ರಸ್ತೆಯವರೆಗೆ ಸೈಕಲ್ಲು, ಅಲ್ಲಿಂದ ಕಾರ್ಖಾನೆಯ ಬಸ್ಸು. ಅವರು ಇನ್‌ಸ್ಪೆಕ್ಟರು. ಬೀದಿಯ ಜನಕ್ಕೆ ಇನ್‌ಸ್ಪೆಕ್ಟರ್ ಎಂದರೆ ಪೊಲೀಸೇ. ಒಮ್ಮೆ ನಾಯಂಡಹಳ್ಳಿಯ ಮುದುಕಿಯೊಬ್ಬಳು ಕೋಳಿ ಕಳುವಾಯಿತೆಂದು ಬಂದು ಅವರ ಜಗಲಿಯ ಮೇಲೆ ಕೂತುಬಿಟ್ಟಳು. "ನಾನು ವಿಮಾನ ನೋಡೋನು ಕಣವ್ವ" ಎಂದು ಅಣ್ಣ ಎಷ್ಟು ಹೇಳಿದರೂ ಕೇಳಲಿಲ್ಲ. "ಮ್ಯಾಲಿಂದ್ಲೇ ನೋಡಿ ಹೇಳಪ್ಪ, ಯಾವನ್ ತಗಂಡೋದ ಅಂತ" ಎಂದಳು. ಆ ಮಾತನ್ನು ಹಿಡಿದುಕೊಂಡು ನಾವು ಬಸ್ಸಿನಲ್ಲಿ ಅವರನ್ನು ಎಷ್ಟು ದಿನ ಗೋಳುಹೊಯ್ದುಕೊಂಡೆವೋ!

ಅವರು ನೋಡುತ್ತಿದ್ದದ್ದು ವಿಮಾನದ ವೈರಿಂಗು, ಅದರಲ್ಲೂ ಸಿಡಿಲಿಗೆ ಸಂಬಂಧಪಟ್ಟ ಭಾಗ. ಹಾರುವ ವಿಮಾನಕ್ಕೆ ಸಿಡಿಲು ಬಡಿಯುವುದುಂಟು. ಬಡಿದರೆ ಅದು ಲೋಹದ ಮೈಮೇಲೆ ಈ ತುದಿಯಿಂದ ಆ ತುದಿಗೆ ಹರಿದು, ಬಂದ ಹಾಗೆಯೇ ಗಾಳಿಗೆ ಹೊರಟುಹೋಗಬೇಕು. ಆದರೆ ವಿಮಾನ ಒಂದೇ ತಗಡಲ್ಲ. ರೆಕ್ಕೆಯ ಹಿಂಬದಿಯಲ್ಲಿ, ಬಾಲದಲ್ಲಿ, ಬಾಗಿಲಿನ ಹಾಗೆ ಆಡುವ ಭಾಗಗಳಿರುತ್ತವೆ. ಅವುಗಳ ಕೀಲಿನ ಹತ್ತಿರ ಸಿಡಿಲಿಗೆ ಒಳ್ಳೆಯ ದಾರಿ ಸಿಗದಿದ್ದರೆ ಕಿಡಿ ಹಾರಿ ಕೀಲು ಕಚ್ಚಿಕೊಳ್ಳಬಹುದು, ಒಳಗಿನ ವೈರುಗಳಿಗೆ ನುಗ್ಗಬಹುದು. ಪೆಟ್ರೋಲಿನ ಟ್ಯಾಂಕು ಹತ್ತಿರವಿದ್ದರಂತೂ ಮುಗಿಯಿತು. ಅದಕ್ಕೇ ಪ್ರತಿ ಕೀಲನ್ನೂ ದಾಟುವ ಹಾಗೆ ಒಂದು ಹೆಣೆದ ತಾಮ್ರದ ಪಟ್ಟಿ ಬಿಗಿದಿರುತ್ತಾರೆ. ನಾವು ಅದನ್ನು ಜಡೆ ಎನ್ನುತ್ತಿದ್ದೆವು.

ನಾನು ಮೀಟರಿನವನು. ಜಡೆಯ ಎರಡು ತುದಿಗೆ ಮೊನೆ ಒತ್ತಿ, ಮುಳ್ಳು ಎಲ್ಲಿ ನಿಂತಿತೆಂದು ಕೂಗಿ ಹೇಳುವುದು ನನ್ನ ಪಾಲು. ಆದರೆ ಮೀಟರಿಗೆ ದಾಕ್ಷಿಣ್ಯ ಜಾಸ್ತಿ. ಅರ್ಧ ಎಳೆಗಳು ಕಡಿದಿದ್ದರೂ ಉಳಿದರ್ಧವನ್ನು ನೋಡಿ ಸರಿ ಇದೆ ಎಂದುಬಿಡುತ್ತದೆ. ಸಿಡಿಲಿಗೆ ಆ ದಾಕ್ಷಿಣ್ಯವಿಲ್ಲ. ಗ್ರೀಸು ಮೆತ್ತಿಕೊಂಡ ಜಡೆಯಲ್ಲಿ ಕಡಿದ ಎಳೆ ಕಣ್ಣಿಗೂ ಕಾಣುವುದಿಲ್ಲ. ಆದ್ದರಿಂದ ನಮ್ಮ ವಿಭಾಗದಲ್ಲಿ ಹಳಬರಿಂದ ಬಂದ ಒಂದು ಪದ್ಧತಿ ಇತ್ತು: ಇನ್‌ಸ್ಪೆಕ್ಟರು ಬರಿಬೆರಳಿನಿಂದ ಜಡೆಯನ್ನು ಬುಡದಿಂದ ತುದಿಯವರೆಗೆ ಸವರಬೇಕು. ಕಡಿದ ಎಳೆ ಚುಚ್ಚುತ್ತದೆ. ಚುಚ್ಚಿದರೆ ಜಡೆ ಬಿಚ್ಚಿ ಹೊಸದು ಹಾಕಬೇಕು. ಸಂಜೆಯ ಹೊತ್ತಿಗೆ ಇನ್‌ಸ್ಪೆಕ್ಟರುಗಳ ಬೆರಳು ತೂತು ತೂತಾಗಿ, ಊಟದ ಖಾರ ತಗುಲಿದರೆ ಕುಣಿಯುತ್ತಿದ್ದರು.

"ಹೆಂಡ್ತಿ ಜಡೆಗಿಂತ ವಿಮಾನದ ಜಡೆ ಸವರಿದ್ದೇ ಜಾಸ್ತಿ ಆಯ್ತಲ್ರೀ" ಎಂದು ಬಸ್ಸಿನಲ್ಲಿ ಯಾರೋ ಕಿಚಾಯಿಸಿದರೆ ಅಣ್ಣ, "ಇದು ಬರೀ ಚುಚ್ಚುತ್ತೆ ಮಾರಾಯ, ಅವಳು ಬೈತಾಳೆ" ಎನ್ನುತ್ತಿದ್ದರು. ತಮಾಷೆಯ ಮನುಷ್ಯ. ಕೆಲಸಕ್ಕೆ ನಿಂತರೆ ಮಾತ್ರ ಹಟಮಾರಿ. ಎಷ್ಟೋ ಸಲ ನನಗೆ ರೇಗುತ್ತಿತ್ತು. ಮುಳ್ಳು ಸರಿಯಾದ ಜಾಗದಲ್ಲಿದೆ, ಬೆರಳಿಗೆ ಏನೋ ಒಂಚೂರು ತಗುಲಿದ ಹಾಗಿದೆ, ಅಷ್ಟಕ್ಕೇ ಇಡೀ ಜಡೆ ಬಿಚ್ಚಬೇಕೆ? "ಸರಿ ಇದೆ ಅಂದ್ರೆ ಸರಿ ಕಣೋ. ಸರಿ ಇರ್ಬೋದು ಅಂದ್ರೆ ಬಿಚ್ಚಾಕು" ಎನ್ನುವರು. ಅನುಮಾನ ಬಂದದ್ದನ್ನು ಅವರು ಹಾರಲು ಬಿಟ್ಟವರೇ ಅಲ್ಲ.

ಅವರ ಬೆರಳುಗಳು ಚುಚ್ಚಿಸಿಕೊಳ್ಳುವುದನ್ನು ಯಾವಾಗ ನಿಲ್ಲಿಸಿದವೋ ನಮಗೆ ತಿಳಿಯಲಿಲ್ಲ. ಅಲ್ಲ, ತಿಳಿಯಿತು, ಆದರೆ ನಾವೆಲ್ಲ ಅದನ್ನು ಹೊಗಳಿದೆವು. ಬೇರೆಯವರು ಸ್ಸ್ ಎಂದು ಕೈ ಒದರುವಾಗ ಅಣ್ಣ ಆರಾಮವಾಗಿ ಸವರಿಕೊಂಡು ಹೋಗುತ್ತಿದ್ದರು. "ಪಳಗಿದ ಕೈ ಅಂದ್ರೆ ಅದು" ಎಂದು ಹೊಸಬರಿಗೆ ತೋರಿಸುತ್ತಿದ್ದೆವು. ಮನೆಯಲ್ಲಿ ಅತ್ತಿಗೆ ಬಟ್ಟೆ ಸುತ್ತಿ ಇಳಿಸುತ್ತಿದ್ದ ಹಿತ್ತಾಳೆ ಪಾತ್ರೆಯನ್ನು ಅವರು ಬರಿಗೈಯಲ್ಲಿ ಹಿಡಿದು ಒಳಗಿಡುತ್ತಿದ್ದರು. ನನ್ನ ಹೆಂಡತಿ ಅದನ್ನು ನೋಡಿ, "ನಿಮಗೆ ಕಾಫಿ ಲೋಟಕ್ಕೂ ಪಂಚೆ ತುದಿ ಬೇಕು" ಎಂದು ನನ್ನನ್ನು ಹಂಗಿಸುತ್ತಿದ್ದಳು. ಒಂದು ದಿನ ಬಸ್ಸಿನಲ್ಲಿ ಸುಟ್ಟ ವಾಸನೆ ಬಂತು. ಬೀಡಿ ಅಣ್ಣನ ಬೆರಳ ಸಂದಿಯವರೆಗೂ ಉರಿದಿತ್ತು, ಅವರು ಕಿಟಕಿಯಾಚೆ ನೋಡುತ್ತಾ ಮಾತಾಡುತ್ತಲೇ ಇದ್ದರು. ಅದಕ್ಕೂ ನಕ್ಕೆವು. ಮೊಣಕೈಯ ಹತ್ತಿರ ಒಂದು ಮಾಸಿದ ಮಚ್ಚೆ ಇತ್ತು. ಅವರ ತಾಯಿ ಅತ್ತಿಗುಪ್ಪೆಯಿಂದ ಬಂದಾಗಲೆಲ್ಲ ಹುಳುಕಡ್ಡಿ ಇರಬೇಕೆಂದು ಬೇವು ಅರೆದು ಹಚ್ಚಿ ಹೋಗುತ್ತಿದ್ದರು. ಎಲ್ಲವೂ ಕಣ್ಣೆದುರಿಗೇ ಇತ್ತು...

ಆ ದಿನ ಒಂದು ಹಳೆಯ ವಿಮಾನದ ಬಾಲದ ಮೇಲೆ ಕೆಲಸ. ಯುದ್ಧದ ಕಾಲದ್ದು, ದುರಸ್ತಿಗೆ ಬಂದಿತ್ತು. ಏಣಿಯ ಮೇಲೆ ಅಣ್ಣ ಮುಂದೆ, ನಾನು ಮೀಟರು ಹಿಡಿದು ಹಿಂದೆ. "ಸರಿ" ಎಂದು ಅವರು ಒಂದು ಜಡೆ ಬಿಟ್ಟು ಇನ್ನೊಂದಕ್ಕೆ ಸರಿದರು. ನಾನು ಮೊನೆ ಒತ್ತಲು ಬಗ್ಗಿದೆ. ಜಡೆಯ ಮೇಲೆ ಕೆಂಪಗೆ ಒಂದು ಗೀರು.

"ಅಣ್ಣ, ಇದೇನು ರಕ್ತ?"

ಅವರು ತಿರುಗಿ ನೋಡಿದರು. ಆಮೇಲೆ ತಮ್ಮ ಕೈ ನೋಡಿಕೊಂಡರು. ತೋರುಬೆರಳಿನ ತುದಿಯಲ್ಲಿ ತಾಮ್ರದ ಎಳೆಯೊಂದು ಮುರಿದು ನೆಟ್ಟುಕೊಂಡಿತ್ತು. ಅವರು ಅದನ್ನು ಕೀಳಲಿಲ್ಲ. ಹೆಬ್ಬೆರಳಿನಿಂದ ಇನ್ನೂ ಒಳಗೆ ಒತ್ತಿದರು. ಮುಖದಲ್ಲಿ ಏನೂ ಇಲ್ಲ. ಪಕ್ಕದ ಬೆರಳನ್ನು ಅದೇ ಜಡೆಯ ಮೇಲೆ ಒತ್ತಿ ಎಳೆದರು. ಅದರಲ್ಲೂ ರಕ್ತ ಬಂತು. ಮುಖದಲ್ಲಿ ಆಗಲೂ ಏನೂ ಇಲ್ಲ. ಏಣಿಯ ಮೇಲೆ ಅವರು ಹಾಗೆ ಒಂದೊಂದೇ ಬೆರಳನ್ನು ಪರೀಕ್ಷೆ ಮಾಡುತ್ತಾ ಹೋದದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಆಮೇಲೆ ಕೆಳಗಿಳಿದು, ಕೈ ತೊಳೆದು, ನೆಟ್ಟಗೆ ನಮ್ಮ ಮೇಲಧಿಕಾರಿಯ ಹತ್ತಿರ ಹೋದರು.

"ನಾನು ಪಾಸ್ ಮಾಡಿದ್ದನ್ನೆಲ್ಲ ಇನ್ನೊಬ್ರ ಕೈಲಿ ನೋಡಿಸಿ ಸಾರ್. ನನ್ ಬೆರಳು ಸತ್ತೋಗಿದೆ" ಎಂದರು.

ಎಲ್ಲವನ್ನೂ ಮತ್ತೆ ನೋಡಿದರು. ಶೆಡ್ಡಿನಲ್ಲಿದ್ದವುಗಳಲ್ಲಿ ಕೆಲವು ಜಡೆ ಬಿಚ್ಚಬೇಕಾಯಿತು. ಹಾರಿಹೋಗಿದ್ದ ಒಂದನ್ನು ಹಿಂದಕ್ಕೆ ಕರೆಸಿ ನೋಡಿದಾಗ ಅದರಲ್ಲೂ ಒಂದು ಸಿಕ್ಕಿತು. ಯಾವ ಅನಾಹುತವೂ ಆಗಲಿಲ್ಲ. ವಿಮಾನಗಳ ಕಥೆ ಅಲ್ಲಿಗೆ ಮುಗಿಯಿತು.

ಡಾಕ್ಟರ ಹತ್ತಿರ ಹೋಗುವಾಗ ನನ್ನನ್ನೂ ಕರೆದುಕೊಂಡರು. ಡಾಕ್ಟರು ಅವರಿಗೆ ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯಿಂದ ಕೈಯ ಅಲ್ಲಲ್ಲಿ ಮುಟ್ಟಿ, ಎಲ್ಲಿ ಮುಟ್ಟಿದೆ ಹೇಳಿ ಎಂದರು. ಮಚ್ಚೆಯ ಮೇಲೆ ಮುಟ್ಟಿದಾಗ, ಬೆರಳಿಗೆ ಮುಟ್ಟಿದಾಗ, ಅಣ್ಣ ಇನ್ನೂ ಮುಟ್ಟಲಿಲ್ಲವೇ ಎಂಬಂತೆ ಕಾಯುತ್ತಾ ಕೂತಿದ್ದರು. ನಮ್ಮ ಕಡೆ ಜನ ಹೆಸರೆತ್ತದೆ ದೊಡ್ಡ ರೋಗ ಎನ್ನುತ್ತಾರಲ್ಲ, ಅದೇ, ಕುಷ್ಠ. ಡಾಕ್ಟರು ಒಳ್ಳೆಯವರು. ಈಗ ಮಾತ್ರೆ ಬಂದಿದೆ, ವಾಸಿಯಾಗುತ್ತದೆ, ಸತ್ತ ಸ್ಪರ್ಶ ಮಾತ್ರ ಹಿಂದಕ್ಕೆ ಬರಲಿಕ್ಕಿಲ್ಲ ಎಂದರು. ಜನ ತಿಳಿದ ಹಾಗೆ ಅದು ಮುಟ್ಟಿದ ಮಾತ್ರಕ್ಕೆ ಅಂಟುವುದಿಲ್ಲ, ಮನೆಯಲ್ಲೇ ಇದ್ದು ಮಾತ್ರೆ ತೆಗೆದುಕೊಳ್ಳಬಹುದು ಎಂದೂ ಹೇಳಿದರು.

"ಮನೇಲಿ ಚಿಕ್ಕ ಮಗು ಐತೆ ಸಾರ್. ಅದಕ್ಕೆ ಅಂಟಲ್ಲ ಅಂತ ಗ್ಯಾರಂಟಿ ಕೊಡ್ತೀರಾ?"

"ಅಂಟೋದು ಬಹಳ ಕಮ್ಮಿ ಅಂತೀನಪ್ಪ. ಗ್ಯಾರಂಟಿ ಅಂದ್ರೆ ಯಾರು ಕೊಡೋಕಾಗುತ್ತೆ?"

ಅಲ್ಲಿಗೆ ತೀರ್ಮಾನವಾಯಿತು. ನಾನು ದಾರಿಯುದ್ದಕ್ಕೂ ಹೇಳಿದೆ, ಬೇಡಿಕೊಂಡೆ, ಬೈದೆ. ಅವರು ಜಡೆ ಬಿಚ್ಚುವವರ ಹಾಗೆಯೇ ಶಾಂತವಾಗಿದ್ದರು. ಮನುಷ್ಯನಿಗೂ ವಿಮಾನಕ್ಕೂ ಒಂದೇ ಕಾನೂನೇ? ಆ ಹಟದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ.

ಮಾಗಡಿ ರಸ್ತೆಯ ಕಡೆ, ಊರಾಚೆ, ಆ ರೋಗದವರ ಆಸ್ಪತ್ರೆಯೊಂದಿತ್ತು. ಅಲ್ಲಿ ಸೇರಿಕೊಳ್ಳುವವರೆಗಿನ ದಿನಗಳನ್ನು ಅವರು ಜಗಲಿಯಲ್ಲೇ ಕಳೆದರು. ಬೇರೆ ತಟ್ಟೆ, ಬೇರೆ ಚಾಪೆ. ಮಗುವನ್ನು ಹತ್ತಿರ ಸೇರಿಸಲಿಲ್ಲ. ನಿಜ ಗೊತ್ತಿದ್ದದ್ದು ಅತ್ತಿಗೆಗೆ, ನನಗೆ, ನನ್ನ ಹೆಂಡತಿಗೆ, ಕೆಂಗೇರಿಯಲ್ಲಿದ್ದ ಅಣ್ಣನ ಭಾವಮೈದನಿಗೆ. ಬೀದಿಯಲ್ಲಿ ಕಾನ್ಪುರಕ್ಕೆ ವರ್ಗವಾಯಿತೆಂದು ಹೇಳಿದೆವು. ಹೇಳದಿದ್ದರೆ ಆ ತಾಯಿ ಮಗಳಿಗೆ ಬಾವಿಯ ನೀರೂ ಸಿಗುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಅವರು ಒಂದು ಟ್ರಂಕು ಹಿಡಿದು ಹೊರಟಾಗ ನೆರೆಹೊರೆಯವರು, "ಅಲ್ಲಿ ಚಳಿ ಜಾಸ್ತಿಯಂತೆ, ಹುಷಾರು" ಎಂದು ಬೀಳ್ಕೊಟ್ಟರು.

ನಾನು ಆಗಾಗ ಸೈಕಲ್ ಹತ್ತಿ ನೋಡಲು ಹೋಗುತ್ತಿದ್ದೆ. ಅವರು ಆಸ್ಪತ್ರೆಯ ತೋಟ ನೋಡಿಕೊಳ್ಳುತ್ತಿದ್ದರು. ಮಗಳೇನು ಮಾತು ಕಲಿತಳು ಎಂದು ಕೇಳುವರು. ಅದಾದ ಮೇಲೆ, "ನನ್ ಜಾಗಕ್ಕೆ ಬಂದೋನು ಬೆರಳಲ್ಲಿ ನೋಡ್ತಾನೋ ಇಲ್ವೋ?" ಎನ್ನುವರು. ನೋಡ್ತಾನೆ ಅಣ್ಣ, ಚುಚ್ಚಿದ್ರೆ ಕಿರುಚ್ತಾನೆ ಎಂದರೆ, "ಕಿರುಚಲಿ. ಒಳ್ಳೇದು" ಎನ್ನುವರು.

ವರ್ಷ ಕಳೆಯಿತು. ಕಾನ್ಪುರದಿಂದ ಗಂಡ ಒಮ್ಮೆಯೂ ಬರಲಿಲ್ಲವಲ್ಲ ಎಂದು ಬಾವಿಕಟ್ಟೆಯಲ್ಲಿ ಮಾತು ಶುರುವಾಯಿತು. ಊರ ಬಾಯಿ ಮುಚ್ಚಲು ಯಾರಿಂದಾಗುತ್ತದೆ? ಕೆಂಗೇರಿಯ ಭಾವಮೈದ ಆಸ್ಪತ್ರೆಗೆ ಹೋಗಿ ಬಂದು, ಅಣ್ಣನೇ ಒಂದು ದಾರಿ ಹೇಳಿ ಕಳಿಸಿದ್ದಾರೆ ಎಂದ. ಕಾನ್ಪುರದಲ್ಲೇ ಜ್ವರ ಬಂದು ತೀರಿಕೊಂಡರೆಂದು ಹೇಳಿಬಿಡಿ, ಮಗಳ ಬಾಳಿಗೆ ಕಲ್ಲು ಬೀಳುವುದು ಬೇಡ ಎಂದರಂತೆ. ಅತ್ತಿಗೆ ನಂಬಲಿಲ್ಲ. "ಅವರ ಬಾಯಿಂದ್ಲೇ ಕೇಳ್ಬೇಕು" ಎಂದು ಮಗುವನ್ನು ನನ್ನ ಹೆಂಡತಿಯ ಹತ್ತಿರ ಬಿಟ್ಟು ನನ್ನ ಜೊತೆ ಹೊರಟರು. ಆಸ್ಪತ್ರೆಯ ಗೇಟಿನಲ್ಲಿ ಬಿಸಿಲಿಳಿಯುವ ತನಕ ನಿಂತರು. ನಾನು ಒಳಗೆ ಹೋಗಿ ಕರೆದೆ, ಕೈ ಹಿಡಿದು ಎಳೆದೆ. ಅಣ್ಣ ಹಾಸಿಗೆಯಿಂದ ಏಳಲಿಲ್ಲ. "ನೋಡಿದ್ರೆ ನಾನೂ ಹೊಂಟೋಗ್ತೀನಿ ಕಣೋ ಅವಳ ಜೊತೆ" ಎಂದರು. ಆ ಮಾತನ್ನು ಅತ್ತಿಗೆಗೆ ಹೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಹಣೆಯನ್ನೂ ಒರೆಸಿಕೊಂಡರು. ಆ ವಾರವೇ ಕಾನ್ಪುರದಿಂದ ಸಾವಿನ ಸುದ್ದಿ ಬಂತೆಂದು ಬೀದಿಗೆ ಹೇಳಿದೆವು.

ಅದಾಗಿ ಎರಡನೆಯ ಮಾರ್ನಮಿ ಹತ್ತಿರ ಬಂದಿತ್ತು. ನಾನು ಹೋದಾಗ ಅಣ್ಣ ಗೇಟಿನ ಹತ್ತಿರವೇ ಕಾಯುತ್ತಿದ್ದರು. ಅಷ್ಟು ಉತ್ಸಾಹ ಅವರ ಮುಖದಲ್ಲಿ ನೋಡಿ ಯಾವ ಕಾಲವಾಗಿತ್ತೋ. ಎಲ್ಲ ಪರೀಕ್ಷೆಯೂ ಮುಗಿಯಿತಂತೆ. ರೋಗದ ಕುರುಹಿಲ್ಲವಂತೆ. ಯಾರಿಗೂ ಯಾವ ಅಪಾಯವೂ ಇಲ್ಲ, ಮನೆಗೆ ಹೋಗು ಎಂದು ಡಾಕ್ಟರು ಈ ಸಲ ಖಂಡಿತವಾಗಿ ಹೇಳಿದರಂತೆ. ಬೆರಳುಗಳು ಸೊಟ್ಟಗಾಗಿ ಒಳಕ್ಕೆ ಮಡಚಿಕೊಂಡಿದ್ದವು, ಅಷ್ಟೇ.

"ಗ್ಯಾರಂಟಿ ಕೊಟ್ರು ಕಣೋ. ನಿಮ್ ಅತ್ತಿಗೇನ ಕೇಳ್ಕಂಡು ಬಾ. ದೂರದ ಕಡೆ ಎಲ್ಲಾದ್ರೂ ಮನೆ ಮಾಡನ" ಎಂದರು.

ಅಷ್ಟು ಜೋರಾಗಿ ಎಂದಾದರೂ ಸೈಕಲ್ ತುಳಿದದ್ದು ನನಗೆ ನೆನಪಿಲ್ಲ. ಬೀದಿಗೆ ಬಂದಾಗ ಅವರ ಮನೆಯ ಮುಂದೆ ಜನ. ಮಹಾಲಯ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ನನಗೆ ಮರೆತೇಹೋಗಿತ್ತು. ಕೆಂಗೇರಿಯಿಂದ, ಅತ್ತಿಗುಪ್ಪೆಯಿಂದ ನೆಂಟರೆಲ್ಲ ಬಂದಿದ್ದರು. ಹೊಸ ಪಂಚೆ, ಎಲೆಯ ತುಂಬ ಅವರಿಗೆ ಇಷ್ಟವಾದದ್ದು, ಎಲ್ಲ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ, ಎಲ್ಲರೂ ಅಂಗಳದಲ್ಲಿ ನಿಂತಿದ್ದರು. ಸತ್ತವರು ಬಂದು ಉಣ್ಣಲೆಂದು ಸ್ವಲ್ಪ ಹೊತ್ತು ಹಾಗೆ ಹೊರಗೆ ನಿಲ್ಲುವುದು ನಮ್ಮ ಕಡೆಯ ರೂಢಿ. ಯಾರೂ ಜೋರಾಗಿ ಮಾತಾಡುವಂತಿಲ್ಲ.

ಅತ್ತಿಗೆ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಅವರಿಗೆ ಅರ್ಥವಾಯಿತು. ಪಕ್ಕಕ್ಕೆ ಕರೆದರು.

"ವಾಸಿಯಾಯ್ತಾ?"

"ಆಯ್ತು ಅತ್ತಿಗೆ. ಬರ್ತಾರಂತೆ."

ಅವರು ಮುಚ್ಚಿದ ಬಾಗಿಲಿನ ಕಡೆ ನೋಡಿದರು. "ಗೇಟ್ ಮುಂದೆ ನಿಂತಿದ್ನಲ್ಲಪ್ಪ ನಾನು" ಎಂದರು. "ಆವತ್ತು ಎದ್ದು ಬಂದಿದ್ರೆ, ರೋಗ ಇದ್ರೂ ಕರ್ಕಂಡ್ ಬರ್ತಿದ್ದೆ. ಯಾವ ಊರಿಗಾದ್ರೂ ಹೋಗ್ತಿದ್ದೆ. ಈಗ ಇಷ್ಟು ಜನದ ಮುಂದೆ ಅತ್ತಿದೀನಿ. ಮಗಳ ಕೈಲಿ ಎಡೆ ಇಡಿಸಿದೀನಿ. ಸತ್ತೋರು ಎದ್ದು ಬಂದ್ರೆ ಎಲ್ಲಿದ್ರು ಇಷ್ಟು ದಿನ ಅಂತ ಕೇಳಲ್ವಾ? ಆ ಕೈ ನೋಡಿದ್ರೆ ಗೊತ್ತಾಗಲ್ವಾ?"

ಅಷ್ಟರಲ್ಲಿ ಭಾವಮೈದ ಬಾಗಿಲು ತಟ್ಟಿ ತೆರೆದ. ಎಲ್ಲರೂ ಒಳಗೆ ಹೋದರು. ಮಗು ಎಡೆಯ ಮುಂದೆ ಅಡ್ಡಬಿತ್ತು. ನನಗೂ ಎಲೆ ಹಾಕಿದರು, ಉಂಡೆ. ತುತ್ತಿಗೊಮ್ಮೆ ನೀರು ಕುಡಿದು ಕುಡಿದು ಉಂಡೆ.

ಮಾರನೆಯ ದಿನ ರಜೆ ಹಾಕಿ ಅವರ ಹತ್ತಿರ ಹೋದೆ. ಟ್ರಂಕಿಗೆ ಹಗ್ಗ ಬಿಗಿದು ಸಿದ್ಧವಾಗಿದ್ದರು. ಏನಂದಳು ಎಂದು ಕೇಳಿದರು. ನನಗೆ ಸುತ್ತಿ ಬಳಸಿ ಹೇಳಲು ಬರಲಿಲ್ಲ.

"ನಿನ್ನೆ ನಿಮಗೆ ಎಡೆ ಇಟ್ಟಿದ್ರು ಅಣ್ಣ."

ಅವರು ಟ್ರಂಕಿನ ಮೇಲೆ ಕೂತರು. ತೋಟದಲ್ಲಿ ಯಾರೋ ನೀರು ಹಾಯಿಸುತ್ತಿದ್ದ ಸದ್ದು ಕೇಳುತ್ತಿತ್ತು...

"ಏನೇನ್ ಮಾಡಿದ್ಲು?" ಎಂದರು.

"ಕಜ್ಜಾಯ, ವಡೆ. ಕೋಳಿ ಸಾರು."

"ಬೀಡಿ ಇಟ್ಟಿದ್ಲಾ?"

"ಇಟ್ಟಿದ್ರು. ನೀವು ಸೇದೋದೇ."

"ಮಗು ಅಡ್ಡಬಿತ್ತಾ?"

"ಬಿತ್ತು ಅಣ್ಣ."

"ಸರಿಯಾಗಿ ಮಾಡವ್ಳೆ" ಎಂದರು. ಆಮೇಲೆ ಆ ಸೊಟ್ಟ ಬೆರಳುಗಳಿಂದ ಹಗ್ಗದ ಗಂಟು ಬಿಚ್ಚಲು ಹೋದರು. ಆಗಲಿಲ್ಲ. ನಾನೇ ಬಿಚ್ಚಿಕೊಟ್ಟೆ. ಯಾರಿಗೂ, ಮುಖ್ಯವಾಗಿ ಮಗಳಿಗೆ, ಎಂದೂ ಹೇಳುವುದಿಲ್ಲವೆಂದು ಅವತ್ತು ನನ್ನಿಂದ ಮಾತು ತೆಗೆದುಕೊಂಡರು.

ಅವರು ಅಲ್ಲಿಯೇ ಉಳಿದರು. ಮುಂದೆ ನನ್ನನ್ನು ಕೆಲಸದ ಮೇಲೆ ಉತ್ತರದ ಕಡೆ ಕಳಿಸಿದರು, ನಿಜವಾಗಿಯೇ. ವಾಪಸ್ ಬಂದು ಆಸ್ಪತ್ರೆಗೆ ಹೋದರೆ ತೋಟದಲ್ಲಿ ಬೇರೆ ಯಾರೋ ಇದ್ದರು. ಯಾವಾಗ ಹೋದರು ಎಂದು ಕೇಳಿದೆ. ಹೋದ ಮಳೆಗಾಲದಲ್ಲಿ ಎಂದರು, ದಿನ ಅವರಿಗೂ ನೆನಪಿರಲಿಲ್ಲ. ಮನೆಗೆ ಬಂದು ಅತ್ತಿಗೆಗೆ ಹೇಳಿದೆ. ಅವರು ಒಲೆಯ ಮುಂದಿನಿಂದ ಏಳದೆ, "ಹೂಂ" ಎಂದರು. ಆ ದಿನ ಆ ಮನೆಯಲ್ಲಿ ಯಾರೂ ಅಳುವಂತಿರಲಿಲ್ಲ. ಅವರು ಸತ್ತು ವರ್ಷಗಳೇ ಆಗಿದ್ದವಲ್ಲ.

ಮಗಳಿಗೆ ಒಳ್ಳೆಯ ಮನೆ ಸಿಕ್ಕಿತು. ಬಸವೇಶ್ವರನಗರದಲ್ಲಿ ಸಂಸಾರ ಮಾಡಿದಳು, ಮೊಮ್ಮಕ್ಕಳನ್ನೂ ಕಂಡಳು. ನನ್ನನ್ನು ಚಿಕ್ಕಪ್ಪ ಎನ್ನುತ್ತಿದ್ದಳು. ಅತ್ತಿಗೆ ಹೋಗಿ ಬಹಳ ಕಾಲವಾಯಿತು, ನನ್ನ ಹೆಂಡತಿಯೂ ಇಲ್ಲ. ಈ ವರ್ಷ ಮಗಳು ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಾಗ ನೋಡಲು ಹೋದೆ. ಸೊರಗಿಹೋಗಿದ್ದಳು. ಏನೇನೋ ಮಾತಾಡುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಕೇಳಿದಳು.

"ಚಿಕ್ಕಪ್ಪ, ಅಪ್ಪಂದು ನಂಗೆ ಒಂದೇ ಒಂದು ನೆನಪಿರೋದು. ಜಗಲಿ ಮೇಲೆ ಕೂತಿದ್ರು. ಎತ್ಕೋ ಅಂತ ಓಡಿ ಹೋದೆ. ಕಾಲಲ್ಲಿ ದೂರ ತಳ್ಳಿದ್ರು. ಕೈಯಲ್ಲೂ ಅಲ್ಲ, ಕಾಲಲ್ಲಿ. ನಾನೇನ್ ಮಾಡಿದ್ದೆ ಚಿಕ್ಕಪ್ಪ?"

ಅಷ್ಟು ವರ್ಷ ಎಡೆ ಇಟ್ಟವಳು ಅದನ್ನು ಎದೆಯಲ್ಲಿಟ್ಟುಕೊಂಡೇ ಇಟ್ಟಿದ್ದಳು. ನಾನು ಅವಳಪ್ಪನಿಗೆ ಮಾತು ಕೊಟ್ಟಿದ್ದೆ.

"ಏನಿಲ್ಲಮ್ಮ. ಕೆಲಸದಿಂದ ಬಂದು ಸುಸ್ತಾಗಿರ್ತಿತ್ತು" ಎಂದೆ.

"ಇರ್ಬೋದು" ಎಂದಳು. ನಂಬಿದ ಹಾಗೆ ಕಾಣಲಿಲ್ಲ. ಕಿತ್ತಳೆ ಸುಲಿದು ಕೊಟ್ಟೆ. ಒಂದು ತೊಳೆ ತಿಂದು ಗೋಡೆಯ ಕಡೆ ತಿರುಗಿ ಮಲಗಿದಳು. ಆ ವಾರವೇ ಹೋದಳು.